ಗೆರೆಯಕ್ಕನ ಬಲಗಣ್ಣು

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹೆಂಗಸರನ್ನು ನೀವು ನೋಡಿರುತ್ತೀರಿ. ಗೆರೆಯಕ್ಕ ಅವರೆಲ್ಲರಿಗಿಂತ ಒಂದು ಕೈ ಮೇಲೆ. ಊಟಕ್ಕೆ ಕೂತರೆ ತಟ್ಟೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸದೆ ತುತ್ತು ಎತ್ತುವವಳಲ್ಲ. ನೆಂಟರ ಮನೆಗೆ ಹೋದರೆ ಗೋಡೆಯ ಮೇಲಿನ ಫೋಟೋ ಎಡಕ್ಕೆ ವಾಲಿದೆಯೆಂದು ಕುರ್ಚಿ ಎಳೆದುಕೊಂಡು ಹತ್ತಿಯೇಬಿಡುತ್ತಾಳೆ. ಆ ಮನೆಯವರು ಕಾಫಿ ಲೋಟ ಹಿಡಿದುಕೊಂಡು ಕೆಳಗೆ ಕಾಯುತ್ತಾ ನಿಂತಿರಬೇಕು. "ಮಲಗಿದವರ ಹೊದಿಕೆಯನ್ನೂ ಎಳೆದು ನೆಟ್ಟಗೆ ಮಾಡ್ತಾಳೆ ನನ್ನ ಸೊಸೆ. ಚಳಿ ಆದ್ರೆ ಕೇಳೋರಿಲ್ಲ" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಸೊಸೆಗೆ ಅದು ಕೇಳಿಸುತ್ತಿತ್ತು. ಕೇಳಿಸಿದರೂ ಹೊದಿಕೆ ಎಳೆಯುವುದನ್ನು ಬಿಟ್ಟವಳಲ್ಲ.

ಇಂಥವಳಿಗೆ ತಕ್ಕ ಕೆಲಸವೇ ಸಿಕ್ಕಿತ್ತು. ಊರಿಗೆ ಇಷ್ಟು ವರ್ಷವಾಯಿತು ಎಂದೋ, ಹೊಸ ವರ್ಷ ಬಂತು ಎಂದೋ ನೆಪ ಮಾಡಿಕೊಂಡು ಹಳೆಯ ಕಟ್ಟಡಗಳ ಮುಖದ ಮೇಲೆ ಬೆಳಕಿನ ಚಿತ್ರ ಬಿಡುವುದು ಈಗ ಎಲ್ಲ ಕಡೆಯೂ ಬಂದಿದೆಯಲ್ಲ, ಅದೇ ಕೆಲಸ. ನೋಡುವವರಿಗೆ ಕಲ್ಲಿನ ಕಂಬ ಬಳ್ಳಿಯಾಗುತ್ತದೆ, ಕಿಟಕಿಯಿಂದ ಹಕ್ಕಿ ಹಾರುತ್ತದೆ, ಇಡೀ ಕಟ್ಟಡ ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿಕೊಂಡು ಮತ್ತೆ ಕೂಡಿಕೊಳ್ಳುತ್ತದೆ. ಮಾಡುವವರ ಕಷ್ಟ ಬೇರೆ. ಸಿನಿಮಾ ಪರದೆ ಚಪ್ಪಟೆ, ಅದರ ಮೇಲೆ ಏನು ಬಿಟ್ಟರೂ ನಡೆಯುತ್ತದೆ. ಕಟ್ಟಡಕ್ಕೆ ಕಣ್ಣು ಮೂಗು ಎಲ್ಲ ಇದೆ. ಚಿತ್ರದ ಕಂಬ ಕಲ್ಲಿನ ಕಂಬದ ಮೇಲೆಯೇ ಕೂರಬೇಕು, ಚಿತ್ರದ ಕಿಟಕಿ ನಿಜದ ಕಿಟಕಿಯ ಮೇಲೆ. ಒಬ್ಬರ ಅಳತೆಗೆ ಹೊಲಿದ ರವಿಕೆ ಇನ್ನೊಬ್ಬರಿಗೆ ಆಗುವುದಿಲ್ಲ ನೋಡಿ, ಹಾಗೆ. ಒಂದು ಗೇಣು ಜಾರಿತೋ, ಕಟ್ಟಡ ಕುಡಿದು ನಿಂತ ಹಾಗೆ ಕಾಣುತ್ತದೆ.

ಜಾರದ ಹಾಗೆ ಕೂರಿಸುವುದು ಗೆರೆಯಕ್ಕನ ಪಾಲು. ಕಟ್ಟಡದ ಎದುರಿಗೆ ಕಬ್ಬಿಣದ ಪೈಪುಗಳ ಗೋಪುರ ಕಟ್ಟಿ ಅದರ ಮೇಲೆ ಪ್ರೊಜೆಕ್ಟರುಗಳನ್ನು ಇಡುತ್ತಾರೆ. ಕತ್ತಲಾಗುತ್ತಿದ್ದ ಹಾಗೆ ಚಿತ್ರಕ್ಕೆ ಮೊದಲು ಬರೀ ಬಿಳಿ ಗೆರೆಗಳ ಜಾಲವನ್ನು ಕಟ್ಟಡದ ಮೇಲೆ ಬಿಡುತ್ತಾರೆ. ಗೆರೆಯಕ್ಕ ಕೆಳಗೆ ಟೇಬಲ್ಲಿನ ಮುಂದೆ ನಿಂತು, ಮೌಸ್ ಹಿಡಿದು, ಒಂದೊಂದೇ ಗೆರೆಯನ್ನು ಎಳೆದೆಳೆದು ಕಲ್ಲಿನ ಅಂಚಿಗೆ ಕೂರಿಸುತ್ತಾಳೆ. ನಿಂತೇ ಮಾಡಬೇಕು ಅವಳಿಗೆ. ಕುರ್ಚಿ ಕೊಟ್ಟವರನ್ನು ದುರುಗುಟ್ಟಿ ನೋಡುತ್ತಾಳೆ.

ಚಿಕ್ಕ ವಯಸ್ಸಿನಲ್ಲಿ ಅವಳು ಮನೆ ನಕ್ಷೆ ಬರೆಯುವ ಕಚೇರಿಯಲ್ಲಿದ್ದಳು. ಉದ್ದನೆಯ ಮೇಜು, ಪಾರದರ್ಶಕ ಹಾಳೆ, ಮಸಿ ಪೆನ್ನು. ಪ್ರತಿ ಸಲ ಅಡಿಪಟ್ಟಿ ಇಟ್ಟಾಗಲೂ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಪಟ್ಟಿಯ ಅಂಚಿಗೆ ತಂದು, ಅದು ನೆಟ್ಟಗಿದೆಯೇ ಎಂದು ನೋಡುವುದು ಅಲ್ಲಿ ಹತ್ತಿದ ಚಾಳಿ. ಕಂಪ್ಯೂಟರ್ ಬಂದು ಆ ಕಚೇರಿಯ ಮೇಜುಗಳೆಲ್ಲ ಗುಜರಿಗೆ ಹೋದವು. ಮಸಿ ಪೆನ್ನು ಹೋದರೂ ಕಣ್ಣು ಹೋಗಲಿಲ್ಲ. ಬೆಳಕಿನ ಚಿತ್ರದ ಕಂಪನಿ ಇಟ್ಟ ಮನುಷ್ಯನಿಗೆ, ಎಲ್ಲರೂ ಬಾಸ್ ಎನ್ನುವವನಿಗೆ, ಬೇಕಿದ್ದದ್ದು ಅಂಥದೇ ಕಣ್ಣು. ಕೆಲಸ ಕೇಳಲು ಹೋದ ದಿನ ಅವಳು ಎಡಗಣ್ಣು ಮುಚ್ಚಿ, ಎದುರಿನ ಗೋಡೆಯ ಮೇಲೆ ಬಿಟ್ಟಿದ್ದ ಗೆರೆಗಳನ್ನು ಒಮ್ಮೆ ನೋಡಿ, "ಮೇಲಿನ ಸಾಲು ಎರಡು ಬೆರಳು ಇಳಿದಿದೆ" ಎಂದಳು. ಏಣಿ ಹಾಕಿ ಅಳೆದರೆ ಎರಡೇ ಬೆರಳು. ಅಂದಿನಿಂದ ಗೆರೆಯಕ್ಕ ಎಂಬ ಹೆಸರು ನಿಂತಿತು. ಸ್ವಂತ ಹೆಸರನ್ನು ಈಗ ಬ್ಯಾಂಕಿನವರು ಮಾತ್ರ ಕೂಗುತ್ತಾರೆ.

ಈ ವರ್ಷ ಅವರ ಪಾಲಿಗೆ ಬಂದದ್ದು ಹಳೆಯ ಟಂಕಸಾಲೆ. ಒಂದು ಕಾಲದಲ್ಲಿ ಊರಿನ ನಾಣ್ಯವೆಲ್ಲ ಅಲ್ಲೇ ಅಚ್ಚಾಗುತ್ತಿತ್ತಂತೆ. ಈಗ ಅಲ್ಲಿ ನಗರಸಭೆಯ ಹಳೇ ಕಡತ ಮತ್ತು ಪಾರಿವಾಳಗಳಿವೆ. ಮುಂಭಾಗದಲ್ಲಿ ಸಾಲಾಗಿ ಎತ್ತರದ ಕಂಬಗಳು, ಮೇಲೆ ಕಮಾನಿನ ಕಿಟಕಿಗಳು. ನಗರದ ವಾರ್ಷಿಕೋತ್ಸವಕ್ಕೆ ಅದರ ಮೇಲೆ ಬಿಡುವ ಚಿತ್ರವನ್ನು ಬರೆದವಳು ಬೊಂಬೆ. ಅವಳಿಗೂ ಸ್ವಂತ ಹೆಸರಿದೆ. ಆದರೆ ಸದಾ ಬೊಂಬೆ ಬರೆಯುವವಳು ಎಂದು ಎಲ್ಲರೂ ಹಾಗೆಯೇ ಕರೆಯುತ್ತಾರೆ. ಗೋಪುರ ಕಟ್ಟಿದವರು ಮಾಮ. ಕಂಪನಿಯಲ್ಲಿ ಎಲ್ಲರಿಗಿಂತ ಹಿರಿಯರು, ಮಾತು ಕಡಿಮೆ, ಬೆನ್ನು ಸ್ವಲ್ಪ ಬಾಗಿದೆ. ಆದರೆ ಅವರು ಕಟ್ಟಿದ ಗೋಪುರ ಬಿರುಗಾಳಿಗೂ ಜಗ್ಗಿದ್ದಿಲ್ಲ.

ಮೊದಲ ದಿನ ಸಂಜೆ ಎಲ್ಲ ಸರಿಯಾಗಿ ಕೂತಿತು. ಮರುದಿನ ಸಂಜೆ ಗೆರೆಯಕ್ಕ ಎಂದಿನಂತೆ ಎಡಗಣ್ಣು ಮುಚ್ಚಿ ನೋಡಿದರೆ ಮೂರನೇ ಕಂಬದ ನಡು ಒಳಕ್ಕೆ ಬಾಗಿತ್ತು. ಕಲ್ಲಿನ ಕಂಬ ಬಾಗುವುದುಂಟೇ? ಬಿದ್ದ ಗೆರೆ ಸೊಟ್ಟಗಿದ್ದು ಕಂಬವನ್ನು ಹಾಗೆ ಕಾಣಿಸುತ್ತಿದೆ, ಅಷ್ಟೇ. ಅವಳು ಗೆರೆಯ ನಡುವನ್ನು ಹಿಡಿದು ಹೊರಕ್ಕೆ ಎಳೆದಳು. ಕಂಬ ನೆಟ್ಟಗಾಯಿತು. ಸಮಾಧಾನವಾಗುವಷ್ಟರಲ್ಲಿ ಐದನೆಯದು ಬಾಗಿತು. ಅದನ್ನು ಎಳೆದಳು. ತಿರುಗಿ ಮೂರನೆಯದನ್ನು ನೋಡಿದರೆ ಮತ್ತೆ ಡೊಂಕು. ನೋಡಿದ ಕಂಬ ಬಾಗುತ್ತದೆ, ನೋಡದ ಕಂಬ ನೆಟ್ಟಗೆ ನಿಂತಿರುತ್ತದೆ. ಕಟ್ಟಡ ತನ್ನ ಜೊತೆ ಆಟವಾಡುತ್ತಿದೆ ಎನಿಸಿ ಅವಳಿಗೆ ಮೈಯೆಲ್ಲ ಉರಿಯಿತು.

"ಅಕ್ಕಾ, ನೀವು ಎಳೆದ ಮೇಲೆ ಗೆರೆ ಕಲ್ಲು ಬಿಟ್ಟು ಆಚೆ ಬಂದಿದೆ" ಎಂದಳು ಪಕ್ಕದಲ್ಲಿದ್ದ ಬೊಂಬೆ.

"ನಿನ್ನ ಕಣ್ಣು ಬೊಂಬೆ ಬರೆಯೋಕೆ ಸಾಕು ಕಣಮ್ಮ. ಇದಕ್ಕೆ ಬೇರೆ ಕಣ್ಣೇ ಬೇಕು."

ಬೊಂಬೆ ತನ್ನ ಕೆಲಸಕ್ಕೆ ತಿರುಗಿದಳು. ಹಿಂದೆ ಎಷ್ಟೋ ಸಲ ತಾನು ಸರಿಯೆಂದದ್ದು ತಪ್ಪಾಗಿ, ಗೆರೆಯಕ್ಕ ಹೇಳಿದ್ದೇ ಸರಿಯಾಗಿದ್ದನ್ನು ಅವಳು ನೋಡಿದ್ದಳು. ಗೆರೆಯಕ್ಕನೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಕಣ್ಣು ಸರಿ, ಮೌಸ್ ಸರಿ, ಚಿತ್ರ ಸರಿ. ಉಳಿದದ್ದು ಗೋಪುರ. ಅದು ಅಲುಗುತ್ತಿರಬೇಕು.

"ಗೋಪುರ ಕೂತಿದೆ ತಾಯಿ. ಬೇಕಾದ್ರೆ ಜಗ್ಗಿ ನೋಡು" ಎಂದರು ಮಾಮ.

"ಜಗ್ಗಿದ್ರೆ ಗೊತ್ತಾಗೋ ಅಲುಗಾಟ ಅಲ್ಲ ಮಾಮ ಇದು. ಬಿಚ್ಚಿ ಕಟ್ಟಿ."

ಬಾಸ್‌ಗೆ ಗೆರೆಯಕ್ಕನ ಮಾತು ವೇದವಾಕ್ಯ. ಗೋಪುರ ಬಿಚ್ಚಿಸಿದ. ಮಾಮ ಪೈಪು ಪೈಪಾಗಿ ಇಳಿಸಿ, ಬುಡಕ್ಕೆ ಹಲಗೆ ಕೊಟ್ಟು, ಮತ್ತೆ ಪೈಪು ಪೈಪಾಗಿ ಏರಿಸಿದರು. ಸಂಜೆಗೆ ಮೊದಲ ಕಂಬ ಬಾಗಿತು. ಇನ್ನೊಮ್ಮೆ ಬಿಚ್ಚಿ ಎಂದಳು. ಮರುದಿನ ಮಾಮ ಮತ್ತೆ ಬಿಚ್ಚಿದರು, ಕಟ್ಟಿದರು. ನಡುವೆ ಬೆನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದನ್ನು ಬೊಂಬೆ ನೋಡಿದಳು, ಗೆರೆಯಕ್ಕ ನೋಡಲಿಲ್ಲ. ಅವಳು ಬಾಲ ಸುಟ್ಟ ಬೆಕ್ಕಿನ ಹಾಗೆ ಕಟ್ಟಡದ ಮುಂದಿನ ಚೌಕದ ಆ ತುದಿಗೂ ಈ ತುದಿಗೂ ಓಡಾಡುತ್ತಾ, ನಿಂತಲ್ಲೆಲ್ಲ ಎಡಗಣ್ಣು ಮುಚ್ಚಿ ಕಂಬ ನೋಡುತ್ತಿದ್ದಳು. ಎಲ್ಲಿಂದ ನೋಡಿದರೂ ಡೊಂಕು.

ಆ ಸಂಜೆ ನಗರಸಭೆಯವರು ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದರು. ಟಂಕಸಾಲೆಯ ಮೇಲೆ ಗೆರೆಗಳು ಹರಿದ ಬಲೆಯಂತೆ ಜೋತಾಡುತ್ತಿದ್ದವು. ಬಾಸ್ ಮುಖ ಕೆಂಪಾಯಿತು. ಏನಿದು ಎಂದು ಕೇಳಿದ. ಗೆರೆಯಕ್ಕ ಒಂದು ಕ್ಷಣವೂ ತಡೆಯದೆ, "ಗೋಪುರ ನಿಲ್ತಿಲ್ಲ" ಎಂದಳು. ಬಂದವರ ಎದುರಿಗೇ ಬಾಸ್ ಮಾಮನಿಗೆ, "ವಯಸ್ಸಾಯ್ತು ನಿಮಗೆ. ಮನೆಗೆ ಹೋಗಿ, ಬೇರೆಯವರನ್ನ ಕರೆಸ್ತೀನಿ" ಎಂದ.

ಮಾಮ ಕೈಗವಸು ಕಳಚಿ ಜೇಬಿಗೆ ಹಾಕಿಕೊಂಡರು. ಗೆರೆಯಕ್ಕನ ಮುಂದೆ ಹಾದು ಹೋಗುವಾಗ ನಿಂತು, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಮೆಲ್ಲಗೆ ಹೇಳಿ ಹೋದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಬಂದ ಒಂದೇ ಒಂದು ಕೆಟ್ಟ ಮಾತು ಅದು.

ಮನೆಗೆ ಬಂದರೂ ಗೆರೆಯಕ್ಕನಿಗೆ ಆ ಮಾತು ಹಲ್ಲಿನಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು. ಸಿಟ್ಟು ತೀರಿಸಿಕೊಳ್ಳಲು ಗಂಡ ಇದ್ದನಲ್ಲ. ಅವನು ಬಡಗಿ. ಅಡುಗೆಮನೆಗೆ ಹೊಸ ಚೌಕಟ್ಟು ಕೂರಿಸಿ ವಾರವಾಗಿತ್ತು. ಅವಳು ಹೊಸ್ತಿಲಲ್ಲೇ ನಿಂತು ಎಡಗಣ್ಣು ಮುಚ್ಚಿದಳು.

"ನಿಮ್ಮ ಚೌಕಟ್ಟು ಸೊಟ್ಟ."

"ಏನಂದೆ?"

"ಸೊಟ್ಟ. ನಡುವೆ ಹೊಟ್ಟೆ ಒಳಗೆ ಹೋಗಿದೆ. ಯಾರ ಮನೆಗೂ ಹೀಗೆ ಮಾಡ್ಬೇಡಿ, ನಗ್ತಾರೆ."

ಬಡಗಿಗೆ ಬೇರೆ ಏನು ಬೇಕಾದರೂ ಅನ್ನಿ, ಇದೊಂದನ್ನು ಅನ್ನಬಾರದು. ಅವನು ಊಟದ ಕೈ ತೊಳೆದು, ಪೆಟ್ಟಿಗೆಯಿಂದ ತೂಕದ ಗುಂಡು ಕಟ್ಟಿದ ದಾರ ತಂದು, ಚೌಕಟ್ಟಿನ ಮೇಲಿನ ಮೂಲೆಯಿಂದ ಇಳಿಬಿಟ್ಟ. ಗುಂಡು ಅತ್ತಿತ್ತ ತೂಗಿ ನಿಂತಿತು. "ನೋಡು. ಮೇಲಿಂದ ಕೆಳಗಿನ ತನಕ ದಾರಕ್ಕೂ ಮರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೆ ಈ ಕೆಲಸಾನೇ ಬಿಡ್ತೀನಿ."

ಗೆರೆಯಕ್ಕ ನೋಡಿದಳು. ಚೌಕಟ್ಟು ಬಾಗಿತ್ತು. ಪಕ್ಕದಲ್ಲಿ ದಾರವೂ ಬಾಗಿತ್ತು.

"ಗಾಳಿಗೆ ಅಲ್ಲಾಡ್ತಿದೆ ದಾರ" ಎಂದಳು.

"ಕಿಟಕಿ ಹಾಕಿದೆ ಕಣೇ. ಗುಂಡು ಕಲ್ಲಿನ ಹಾಗೆ ನಿಂತಿದೆ."

ತೂಕ ಕಟ್ಟಿ ಇಳಿಬಿಟ್ಟ ದಾರ ಬಾಗುವುದಿಲ್ಲ. ಬಡಗಿಯ ಹೆಂಡತಿಗೆ ಅಷ್ಟು ಗೊತ್ತಿತ್ತು. ಅವಳು ದಾರದ ಹತ್ತಿರಕ್ಕೆ ಹೋದಳು. ಆಮೇಲೆ, ಬದುಕಿನಲ್ಲಿ ಮೊದಲ ಸಲವೇನೋ, ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದಳು. ದಾರ ನೆಟ್ಟಗಿತ್ತು. ಚೌಕಟ್ಟೂ ನೆಟ್ಟಗಿತ್ತು. ಬಲಗಣ್ಣು ತೆರೆದು ಎಡಗಣ್ಣು ಮುಚ್ಚಿದಳು. ಎರಡೂ ಒಟ್ಟಿಗೆ ಬಾಗಿದವು. ಗಂಡನ ಮುಖ ನೋಡಿದರೆ ಅವನ ಮೂಗು ನೀರಿನೊಳಗಿದ್ದಂತೆ ಒಂದು ಕಡೆ ಸರಿದಿತ್ತು.

"ರೀ" ಎಂದಳು. ಅವನು ದಾರ ಬಿಟ್ಟು ಬಂದು ಅವಳ ಭುಜ ಹಿಡಿದುಕೊಂಡ.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅವನು ಅವಳನ್ನು ಕಣ್ಣಾಸ್ಪತ್ರೆಯ ಮೆಟ್ಟಿಲ ಮೇಲೆ ಕೂರಿಸಿದ್ದ. ಕೂತಳೇ? ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದಳು. ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ಯಂತ್ರದೊಳಗೆ ಇಣುಕಿ, ಕಣ್ಣಿನ ಹಿಂದಿನ ಪದರದ ಸರಿಯಾಗಿ ನಡುವೆ ನೀರು ತುಂಬಿ ಉಬ್ಬಿದೆ, ಅದಕ್ಕೇ ನೇರ ಇರೋದು ಬಾಗಿ ಕಾಣುತ್ತೆ ಎಂದರು. ಕಣ್ಣಿಗೇ ಇಂಜೆಕ್ಷನ್ ಕೊಡಬೇಕು, ಇವತ್ತೇ. ತಿಂಗಳಿಗೊಮ್ಮೆ ಮತ್ತೆ ಬರಬೇಕು.

"ನಾಳೆ ನಮ್ಮ ಶೋ ಇದೆ ಡಾಕ್ಟ್ರೇ. ನಾಡಿದ್ದು ಬರ್ಲಾ?"

"ಕಣ್ಣಿಗೆ ನಿಮ್ಮ ಶೋ ಯಾವತ್ತು ಅಂತ ಗೊತ್ತಿರಲ್ಲಮ್ಮ."

"ಸೂಜಿ ಹಾಕಿದ್ರೆ ಮೊದಲಿನ ಹಾಗೆ ಆಗುತ್ತಾ?"

"ಇನ್ನೂ ಕೆಡದ ಹಾಗೆ ತಡೀಬಹುದು. ಬಾಗಿದ್ದೆಲ್ಲ ಪೂರ್ತಿ ನೆಟ್ಟಗಾಗುತ್ತೆ ಅಂತ ನಾನು ಹೇಳಲ್ಲ."

ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಅವಳು ಸೂಜಿ ಹಾಕಿಸಿಕೊಂಡಳು. ನೋವು ಅಂದುಕೊಂಡಷ್ಟು ಇರಲಿಲ್ಲ. ಹೆದರಿಕೆ ಇತ್ತು. ಇಪ್ಪತ್ತು ವರ್ಷ ಆ ಕಣ್ಣನ್ನು ನಂಬಿ ತಿಂದ ಅನ್ನ. ಅದನ್ನು ಕಿತ್ತುಕೊಂಡರೆ ತಾನು ಊಟದ ತಟ್ಟೆ ಹೊಂದಿಸುವ ಹುಚ್ಚಿ, ಬೇರೇನೂ ಅಲ್ಲ.

ಹೊರಗೆ ಬಂದಾಗ ಕಣ್ಣಿನ ಮೇಲೆ ಬಿಳಿ ಪಟ್ಟಿ ಇತ್ತು. ಗಂಡ, "ಬಾಸ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡು" ಎಂದ.

"ಹೇಳಿ? ನಾಳೆಯಿಂದ ಮನೇಲಿ ಕೂತು ನಿಮ್ಮಮ್ಮನ ಹೊದಿಕೆ ಎಳೀಲಾ? ಕಣ್ಣು ಹೋದವಳನ್ನ ಯಾರು ಇಟ್ಕೊಳ್ತಾರೆ? ಧೂಳು ಬಿತ್ತು ಅಂತೀನಿ. ಎಡಗಣ್ಣು ಇದೆಯಲ್ಲ, ಹೇಗೋ ಕೂರಿಸ್ತೀನಿ."

"ಮಾಮನ ವಿಷಯ?"

ಅವಳು ಮುಂದೆ ಮುಂದೆ ನಡೆದಳು. ಮಾಮನ ವಿಷಯ ಅವಳ ತಲೆಯಲ್ಲಿ ಇರಲಿಲ್ಲ ಎಂದಲ್ಲ. ಇತ್ತು. ಶೋ ಒಂದು ಮುಗಿಯಲಿ, ಆಮೇಲೆ ಒಂದು ದಿನ ಹೋಗಿ ಮಾತಾಡಿದರಾಯಿತು ಎಂದು ಅದನ್ನು ಒಂದು ಮೂಲೆಗೆ ಸರಿಸಿದ್ದಳು.

ಸಂಜೆ ಚೌಕಕ್ಕೆ ಬಂದರೆ ಮಾಮ ಅಲ್ಲೇ ಇದ್ದರು. ತಮ್ಮ ಸ್ಪ್ಯಾನರುಗಳನ್ನು ತೆಗೆದುಕೊಂಡು ಹೋಗಲು ಬಂದವರು ಅವನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದರು. ಬಾಸ್ ಫೋನಿನಲ್ಲಿ ಯಾರಿಗೋ ಬೇರೆ ಗೋಪುರದವರು ಬೇಕೆಂದು ಕೇಳುತ್ತಿದ್ದ. ಬೊಂಬೆ ಓಡಿ ಬಂದಳು.

"ಅಕ್ಕಾ, ಕಣ್ಣಿಗೆ ಏನಾಯ್ತು?"

ಎಲ್ಲರೂ ತಿರುಗಿ ನೋಡಿದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು ಸಲೀಸಾಗಿ ಹೊರಗೆ ಬಂತು. "ಏನಿಲ್ಲ. ನಿನ್ನೆ ಗೋಪುರದ ಹತ್ತಿರ ನಿಂತಿದ್ದಾಗ ಧೂಳು ಬಿತ್ತು. ಡಾಕ್ಟ್ರು ಪಟ್ಟಿ ಹಾಕಿದ್ರು."

ಮಾಮ ಚೀಲ ಕೆಳಗಿಟ್ಟರು. ಹತ್ತಿರ ಬಂದು ಅವಳ ಮುಖವನ್ನು ನೋಡಿದರು. ನಿನ್ನೆಯ ಸಿಟ್ಟು ಅವರ ಮುಖದಲ್ಲಿ ಇರಲಿಲ್ಲ. "ತುಕ್ಕಿನ ಪುಡಿ ಇರ್ಬೇಕು ತಾಯಿ. ಹಳೇ ಪೈಪು, ಎರಡು ಸಲ ಬಿಚ್ಚಿದಾಗ ಉದುರಿರುತ್ತೆ. ನಾನು ಬಟ್ಟೆ ಹೊದಿಸಿ ಬಿಚ್ಚಬೇಕಿತ್ತು. ನನ್ನದೇ ತಪ್ಪು" ಎಂದರು. ಆಮೇಲೆ ಬಾಸ್ ಕಡೆ ತಿರುಗಿ, "ಆಸ್ಪತ್ರೆ ಖರ್ಚು ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ" ಎಂದರು.

ತನ್ನ ಸುಳ್ಳು ಎಲ್ಲಿ ಹೋಗಿ ಬೀಳುತ್ತದೆಂದು ಗೆರೆಯಕ್ಕ ಯೋಚಿಸಿರಲಿಲ್ಲ. ಅದು ನೆಟ್ಟಗೆ ಹೋಗಿ ಬಿದ್ದದ್ದು ಆ ಬಾಗಿದ ಬೆನ್ನಿನ ಮೇಲೆ. ಅವರು ಬೈದಿದ್ದರೆ ಅವಳೂ ಬೈದು ಪಾರಾಗುತ್ತಿದ್ದಳು. ನಾಚಿಕೆ ಅವಳ ಕಿವಿಯವರೆಗೂ ಏರಿತು.

"ಧೂಳಲ್ಲ ಮಾಮ" ಎಂದಳು. "ತುಕ್ಕೂ ಅಲ್ಲ. ನನ್ನ ಕಣ್ಣೇ ಕೆಟ್ಟಿದೆ. ನೇರ ಇರೋದು ಬಾಗಿ ಕಾಣ್ತಿತ್ತು. ನಿಮ್ಮ ಗೋಪುರ ಒಂದು ದಿನವೂ ಅಲುಗಿರಲಿಲ್ಲ. ಬೊಂಬೆ ಹೇಳಿದ್ದೇ ಸರಿ, ಕೂತಿದ್ದ ಗೆರೆಗಳನ್ನ ಎಳೆದು ಕೆಡಿಸಿದವಳು ನಾನು."

ಬಾಸ್ ಫೋನನ್ನು ಕಿವಿಯಿಂದ ತೆಗೆದ. ಅವಳು ಕಾಯುತ್ತಾ ನಿಂತಳು, ಕೈ ಸುಮ್ಮನಿರದೆ ಟೇಬಲ್ಲಿನ ಮೇಲಿನ ವೈರುಗಳನ್ನು ಸಾಲಾಗಿ ಜೋಡಿಸುತ್ತಿತ್ತು.

"ನಿನ್ನೆ ನಗರಸಭೆಯವರ ಮುಂದೆ ಹೇಳೋಕೆ ಮುಂಚೆ ಗೊತ್ತಿತ್ತಾ?" ಎಂದ ಬಾಸ್.

"ಇಲ್ಲ. ಗೊತ್ತಾಗಿದ್ದು ರಾತ್ರಿ."

"ಇವತ್ತು ಬೆಳಿಗ್ಗೆ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು."

ಬಾಸ್ ಮಾಮನ ಕಡೆ ನೋಡಿದ, ಕ್ಷಮೆ ಕೇಳುವುದು ಅವನಿಗೆ ಅಭ್ಯಾಸವಿರಲಿಲ್ಲ. "ಚೀಲ ಬಿಚ್ಚಿ ಮಾಮ, ಇಲ್ಲೇ ಇರಿ" ಎಂದಷ್ಟೇ ಹೇಳಿದ. ಆಮೇಲೆ, "ಬೊಂಬೆ, ಮೌಸ್ ನೀನು ತಗೋ. ಇವತ್ತು ರಾತ್ರಿಯೊಳಗೆ ಎಲ್ಲ ಮೊದಲಿಂದ ಕೂರಬೇಕು. ಅಕ್ಕ, ನಿಮ್ಮ ವಿಷಯ ಆಮೇಲೆ ಮಾತಾಡೋಣ." ಆಮೇಲೆ ಮಾತಾಡೋಣ ಎಂದರೆ ಏನೆಂದು ದುಡಿದು ತಿನ್ನುವವರಿಗೆಲ್ಲ ಗೊತ್ತು.

ಮಾಮ ಏನಾದರೂ ಅನ್ನಲಿ ಎಂದು ಗೆರೆಯಕ್ಕ ಅವರನ್ನೇ ನೋಡಿದಳು. "ಬೆನ್ನು ಇನ್ನೂ ನೋಯ್ತಿದೆ ತಾಯಿ" ಎಂದರು ಅವರು. ಸುಳ್ಳು ಹೇಳದ ಮನುಷ್ಯ. ಆಮೇಲೆ ಗೋಪುರದ ಬುಡದಲ್ಲಿದ್ದ ಒಂದೇ ಒಂದು ಕುರ್ಚಿಯನ್ನು ತಂದು ಅವಳ ಹಿಂದೆ ಇಟ್ಟು, ತಮ್ಮ ಕೆಲಸಕ್ಕೆ ಹೋದರು.

ಗೆರೆಯಕ್ಕ ಕೂತಳು. ಬಿಳಿ ಗೆರೆಗಳು ಟಂಕಸಾಲೆಯ ಮೇಲೆ ಬಿದ್ದವು. ಬೊಂಬೆ ಮೌಸ್ ಹಿಡಿದಳು. ಅವಳ ಕೈ ಹೊಸದು, ಗೆರೆಯನ್ನು ಅತ್ತ ಒಯ್ದು ಇತ್ತ ತಂದು ಮಾಡುತ್ತಿತ್ತು. ಗೆರೆಯಕ್ಕನ ಬೆರಳುಗಳು ತಾವಾಗಿ ಮುಂದೆ ಹೋಗುತ್ತಿದ್ದವು, ಅವಳು ಅವನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ಅಲ್ಲಲ್ಲ, ಸ್ವಲ್ಪ ಮೇಲೆ, ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಎಡಗಣ್ಣಿನಲ್ಲಿ ನೋಡಿದರೆ ಕಂಬ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಸರಿಯಾಗಿ ಕಾಣುವುದಕ್ಕೂ ಸರಿಯಾಗಿರುವುದಕ್ಕೂ ಮೊದಲು ಅವಳಿಗೆ ವ್ಯತ್ಯಾಸವೇ ಇರಲಿಲ್ಲ. ಈಗ ಇತ್ತು, ಅದು ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು.

ಮೂರನೇ ಕಂಬದ ಗೆರೆಯನ್ನು ಕೂರಿಸಿ ಬೊಂಬೆ ತಿರುಗಿದಳು. "ಅಕ್ಕಾ, ಸರಿ ಬಂತಾ ನೋಡಿ."

ಗೆರೆಯಕ್ಕ ಕಂಬವನ್ನು ನೋಡಲಿಲ್ಲ. ಬೊಂಬೆಯ ಮುಖವನ್ನು ನೋಡಿದಳು.

"ನಿನಗೆ ಹೇಗೆ ಕಾಣುತ್ತೆ?"

ಇಂಥ ಪ್ರಶ್ನೆ ಆ ಬಾಯಿಂದ ಬರುವುದನ್ನು ಬೊಂಬೆ ಎಂದೂ ಕೇಳಿರಲಿಲ್ಲ. ಅವಳು ತಿರುಗಿ ಕಂಬವನ್ನು ಮೇಲಿಂದ ಕೆಳಗಿನ ತನಕ ಇನ್ನೊಮ್ಮೆ ನೋಡಿದಳು. "ಕಲ್ಲಿನ ಮೇಲೇ ಕೂತಿದೆ, ಅಕ್ಕ. ನನಗೆ ಸರಿ ಕಾಣುತ್ತೆ."

ಪಟ್ಟಿಯ ಒಳಗೆ ಗೆರೆಯಕ್ಕನ ಬಲಗಣ್ಣು ಒದ್ದೆಯಾಗಿ ಉರಿಯುತ್ತಿತ್ತು. ಎರಡು ಕೈಯನ್ನೂ ಮಡಿಲಲ್ಲಿ ಒಂದರೊಳಗೊಂದು ಸೇರಿಸಿ ಹಿಡಿದುಕೊಂಡಳು.

"ಹಾಗಾದ್ರೆ ಸರಿ ಇದೆ" ಎಂದಳು. "ಮುಂದಿನ ಕಂಬಕ್ಕೆ ಹೋಗು."